ದಿಲ್ಲಿಯ ಮರಕ್ಕೆ ಕಚ್ಚು ಹಾಕಿದವರು

ನನ್ನ ಸೋದರಮಾವ ಬೊಮ್ಮ "ಒಂದು ಮರಕ್ಕೆ ಇಬ್ಬರು ಹತ್ತಬಾರದು" ಎಂದದ್ದು ನಿಜವೋ, ಅಥವಾ ಹಾಗೆಂದರು ಎಂದು ನಾನೇ ಸೆಮಿನಾರುಗಳಲ್ಲಿ ಹೇಳಿ ಹೇಳಿ ನಿಜ ಮಾಡಿಬಿಟ್ಟೆನೋ, ಆಣೆ ಇಟ್ಟು ಹೇಳಲಾರೆ. ಮೊದಲೇ ನಾನು ಇತಿಹಾಸದ ಮೇಷ್ಟ್ರು. ನೆನಪು ಸಾಕ್ಷಿಯಲ್ಲ, ಕಟಕಟೆಯಲ್ಲಿ ನಿಲ್ಲಿಸಬೇಕಾದ ಆರೋಪಿ ಎಂದು ಮಕ್ಕಳಿಗೆ ಪಾಠ ಹೇಳಿಯೇ ಬದುಕು ಸಾಗಿಸಿದವನು. ಆದ್ದರಿಂದ ಮುಂದಿನದನ್ನು ನೀವೂ ಸ್ವಲ್ಪ ಅನುಮಾನದಿಂದಲೇ ಓದಿ. ನನಗೆ ಬೇಸರವಿಲ್ಲ.

ಇದೆಲ್ಲ ಮೇಲೆದ್ದು ಬಂದದ್ದು ಕಲ್ಲೂರಿನ ಬಸ್ ಸ್ಟಾಪಿನಲ್ಲಿ, ಹಸಿ ಮೈದಾ ಅಂಟಿನ ವಾಸನೆಯಿಂದ. ಗೋಡೆಗೆ ಆಗಷ್ಟೇ ಒಂದು ಪೋಸ್ಟರು ಮೆತ್ತಿದ್ದರು. ಉನ್ನತ ವಿಶ್ವವಿದ್ಯಾಲಯಗಳಿಗೆ ಸೇರಲು ಆದಿವಾಸಿ ವಿದ್ಯಾರ್ಥಿಗಳಿಗೆ ಗೆಲುವಿನ ತಂತ್ರಗಳು, ಒಂದು ದಿನದ ಶಿಬಿರ, ಊಟದ ವ್ಯವಸ್ಥೆ ಇದೆ ಎಂದು ಮಲಯಾಳದಲ್ಲಿ ಬರೆದಿತ್ತು. ಕೆಳಗೆ ತಂತ್ರ ಗೊತ್ತಿರುವ ಸಾಧಕರೊಬ್ಬರ ಫೋಟೊ. ಯಾರಪ್ಪಾ ಈ ಮಹಾನುಭಾವ ಎಂದು ಕನ್ನಡಕ ಏರಿಸಿ ನೋಡಿದರೆ, ನಾನೇ. ಊಟ ಇದೆ ಎಂದಾಗ ಫೋನಿನಲ್ಲಿ 'ಆಗಲಿ' ಎಂದದ್ದು ನೆನಪಿತ್ತು, ಸಾಧಕನಾದದ್ದು ಗೊತ್ತಿರಲಿಲ್ಲ.

ನಮ್ಮದು ಜೇನು ಕೀಳುವ ಕಾಟ್ಟುನಾಯ್ಕರ ಪಾಡಿ. ಕಾಡಂಚಿನಲ್ಲಿ ಒತ್ತಾಗಿ ಕೂತ ನಮ್ಮ ಗುಡಿಸಲುಗಳಿಗೆ ನಾವು ಪಾಡಿ ಎನ್ನುತ್ತೇವೆ, ಸರ್ಕಾರ ಕಾಲೊನಿ ಎನ್ನುತ್ತದೆ. ನನ್ನ ಕಾಲೇಜು ಮುಗಿದ ಕಾಲಕ್ಕೆ ವಯನಾಡು ಜಿಲ್ಲೆಯಾಗಿ ಕೆಲವೇ ವರ್ಷ. ಹೊಸ ಜಿಲ್ಲೆಗೆ ಹೊಸ ಆಫೀಸುಗಳು, ಆಫೀಸುಗಳಿಗೆ ಹೊಸ ಜೀಪುಗಳು. ಜೀಪಿಗೆ ಹೋಗಲು ಒಂದು ಜಾಗ ಬೇಕಲ್ಲ, ನಾವಿದ್ದೆವು. ಯಾರಾದರೊಬ್ಬರು ಬಂದು, ನಮ್ಮ ಹಾಲಿಲ್ಲದ ಕಟ್ಟನ್ ಚಹಾ ಕುಡಿದು, ನಾವು ಇನ್ನೂ ಹಿಂದೆಯೇ ಉಳಿದಿದ್ದೇವೆಂದು ಕಣ್ಣಾರೆ ಕಂಡು ಸಮಾಧಾನದಿಂದ ಹೋಗುತ್ತಿದ್ದರು. ಅಂಥದರಲ್ಲಿ ಒಂದೇ ಪಾಡಿಯ ಇಬ್ಬರು ಡಿಗ್ರಿ ಮುಗಿಸಿ ಕೂತದ್ದು ಅವರಿಗೆ ಸ್ವಲ್ಪ ಮುಜುಗರದ ವಿಷಯವೇ. ಒಬ್ಬ ನಾನು. ಇನ್ನೊಬ್ಬಳು ಬೊಮ್ಮಮಾವನ ಮಗಳು ಮಾದಿ. ಇಬ್ಬರದೂ ಇತಿಹಾಸ. ಅಂಕ ತನಗೇ ಹೆಚ್ಚು ಎಂದು ಅವಳು ಇಂದಿಗೂ ಹೇಳುತ್ತಾಳೆ. ನಾನು ಆಧಾರ ಕೇಳಿದ್ದೇನೆ.

ಆಗ ನಮಗೆ ತಂತ್ರ ಹೇಳಿಕೊಡಲು ಬಂದವರು ನಾವು ಶಾಲೆಯಲ್ಲಿದ್ದಾಗಿನ ಹಾಸ್ಟೆಲ್ ವಾರ್ಡನ್. ಒಳ್ಳೆಯ ಮನುಷ್ಯ. ದಿಲ್ಲಿಯನ್ನು ನೋಡದೆ ಇದ್ದದ್ದರಿಂದ ದಿಲ್ಲಿಯ ಬಗ್ಗೆ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಅಲ್ಲಿಯ ದೊಡ್ಡ ವಿಶ್ವವಿದ್ಯಾಲಯಕ್ಕೆ ಎಂ.ಎ.ಗೆ ಅಂಚೆಯಲ್ಲೇ ಅರ್ಜಿ ಹಾಕಬಹುದು, ನಮ್ಮಂಥವರಿಗೆ ಮೀಸಲು ಉಂಟು ಎಂದರು.

"ಎಡಾ, ಒಂದು ನೆನಪಿಟ್ಟುಕೋ. ಇಂಟರ್‌ವ್ಯೂನಲ್ಲಿ ಏನು ಕೇಳಿದರೂ ಉತ್ತರದಲ್ಲಿ ಕಾಡು ಬರಬೇಕು. ಕಾಡು, ಆನೆ, ಜೇನು. ಫ್ರಾನ್ಸಿನ ಕ್ರಾಂತಿ ಕೇಳಿದರೆ ಏನು ಹೇಳ್ತೀ?"

ನಾನು ಇಸವಿ ಹೇಳಲು ಹೊರಟೆ.

"ಫ್ರಾನ್ಸಿನ ಕಾಡು," ಎಂದಳು ಮಾದಿ.

"ನೋಡು, ಹುಡುಗಿ ಪಾಸು," ಎಂದರು ವಾರ್ಡನ್, ಗಂಭೀರವಾಗಿಯೇ.

ಎಷ್ಟು ಸೀಟು ಎಂದು ನಾವು ಯಾರೂ ಕೇಳಲಿಲ್ಲ. ಕೇಳದಿರಲು ಕಾರಣ ನಮ್ಮ ಜೇನಿನ ಕಟ್ಟಳೆ. ಜೇನು ಕಟ್ಟಿದ ಮರವನ್ನು ಮೊದಲು ಕಂಡವನು ಬುಡದ ತೊಗಟೆಗೆ ಕತ್ತಿಯಿಂದ ಒಂದು ಕಚ್ಚು ಹಾಕುತ್ತಾನೆ. ಅಲ್ಲಿಗೆ ಮರ ಅವನದಾಯಿತು. ಮೇಲಿಂದ ತುಪ್ಪ ತೊಟ್ಟಿಕ್ಕುತ್ತಿದ್ದರೂ ನಮ್ಮಲ್ಲಿ ಇನ್ನೊಬ್ಬ ಮುಟ್ಟುವುದಿಲ್ಲ. ಹಾಗೆಯೇ, ಹತ್ತಿ ಬರಿಗೈಲಿ ಇಳಿದವನನ್ನು ಏನಾಯಿತೆಂದು ಯಾರೂ ಕೇಳುವುದಿಲ್ಲ. ಅದು ಮರ್ಯಾದೆ. ಇಡೀ ದೇಶ ಒಂದೇ ಕುರ್ಚಿಗೆ ನೂಕಾಡುತ್ತಿದ್ದಾಗ ನಾವು ಇಷ್ಟು ಸಭ್ಯರಾಗಿದ್ದೆವು. ನಮ್ಮನ್ನು ಹಿಂದುಳಿದವರು ಎಂದದ್ದು ಸುಮ್ಮನೆಯೇ?

ವಾರ್ಡನ್ ಹೋದಮೇಲೆ ಬೊಮ್ಮಮಾವ ತೀರ್ಪು ಕೊಟ್ಟರು. "ಒಂದು ಮರಕ್ಕೆ ಇಬ್ಬರು ಹತ್ತಬಾರ್ದು ಮೋನೆ. ಮೊದ್ಲು ಕಣ್ಣು ಹಾಕ್ದವ್ರು ದಿಲ್ಲಿ ಹತ್ಲಿ. ಇನ್ನೊಬ್ರು ಬೇರೆ ಮರ ನೋಡ್ಲಿ." ಹೇಳಿದರು ಎಂದೇ ಇಟ್ಟುಕೊಳ್ಳೋಣ.

ದಿಲ್ಲಿ ನನಗೆ ಎಷ್ಟು ಬೇಕಿತ್ತೆಂದರೆ, ಕಾಲೇಜಿನ ಗೋಡೆಯ ಭೂಪಟದಲ್ಲಿ ಆ ಚುಕ್ಕೆ ನನ್ನ ಬೆರಳು ತಾಗಿ ತಾಗಿ ಮಾಸಿತ್ತು. ಪಾಡಿಯಿಂದ ಅಷ್ಟು ದೂರ ಹೋದರೆ ಯಾರೂ ನನ್ನನ್ನು ನೋಡಲು ಜೀಪಿನಲ್ಲಿ ಬರಲಾರರು ಎಂಬ ಲೆಕ್ಕ. ಆದರೆ ನಾನು ಬಾಯಿ ತೆರೆಯುವ ಮೊದಲೇ ಮಾದಿ, "ದಿಲ್ಲೀಲಿ ಚಳಿ ಭಾರೀ ಅಂತಲ್ಲ ಬಾವ, ಒಳ್ಳೇ ಕಂಬಳಿ ಬೇಕಾದೀತು," ಎಂದಳು. ಕಂಬಳಿಯ ವಿಚಾರ ಎತ್ತಿದವಳು ಆಗಲೇ ರೈಲು ಹತ್ತಿಯಾಗಿದೆ ಎಂದುಕೊಂಡೆ. ಕಚ್ಚು ಬಿದ್ದಾಯಿತು. ನಾನು ಮೈಸೂರು ನೋಡುತ್ತೇನೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ತ್ಯಾಗದ ಕಳೆ ಮುಖದ ಮೇಲೆ ಚೆನ್ನಾಗಿ ಕಾಣಲಿ ಎಂದು ಒಲೆಯ ಬೆಳಕಿಗೆ ಸರಿದು ಕೂತೆ. ಯಾರೂ ಗಮನಿಸಲಿಲ್ಲ.

ಮೈಸೂರಿನ ಇಂಟರ್‌ವ್ಯೂನಲ್ಲಿ ಹಿರಿಯರೊಬ್ಬರು ಇತಿಹಾಸದ ಕಡೆ ತಲೆ ಹಾಕದೆ, "ಹೆಜ್ಜೇನು ಹೇಗ್ರೀ ಕೀಳ್ತೀರಿ?" ಎಂದರು. ಎತ್ತರ ಕಂಡರೆ ನನಗೆ ತಲೆಸುತ್ತು. ಆಲದ ಮರಕ್ಕೂ ಹತ್ತಿದವನಲ್ಲ. ಆದರೂ ಹೊಗೆ, ಹಗ್ಗ, ಹುಣ್ಣಿಮೆ ಎಲ್ಲ ಸೇರಿಸಿ ಅಂಥ ವರ್ಣನೆ ಕೊಟ್ಟೆನೆಂದರೆ ಅವರು ಕೈಗೆ ಹುಳ ಕಚ್ಚಿದಂತೆ ಕೆರೆದುಕೊಂಡರು. ಸೀಟು ಸಿಕ್ಕಿತು. ನನ್ನ ಪಾಂಡಿತ್ಯದ ಅಡಿಪಾಯ ಇದು. ಕನ್ನಡದ ಅಕ್ಷರವನ್ನೂ ಆ ಊರಿನ ಬಸ್ ಬೋರ್ಡುಗಳಲ್ಲೇ ಕಲಿತೆ.

ಅತ್ತ ಮಾದಿ ಕೋಯಿಕ್ಕೋಡಿನಲ್ಲಿ ಬಿ.ಎಡ್. ಸೇರಿದಳೆಂದು ತಿಳಿಯಿತು. ದಿಲ್ಲಿಯವರು ಬೇಡ ಎಂದಿರಬೇಕು, ಪಾಪ ಎಂದುಕೊಂಡೆ. ಕೇಳಲಿಲ್ಲ. ಅವಳು ಪನಮರಂನಲ್ಲಿ ಟೀಚರಾದಳು, ಮದುವೆಯಾದಳು, ನಾನೂ ಆದೆ. ಅವಳ ಮನೆಯಲ್ಲಿ ಟಿ.ವಿ.ಯಲ್ಲಿ ದಿಲ್ಲಿಯ ಪೆರೇಡು ಬಂದರೆ, ಅವಳಿಗೆ ನೋವಾಗಬಾರದೆಂದು ನಾನು ಚಾನೆಲ್ ಬದಲಿಸುತ್ತಿದ್ದೆ. ಕೆಲವು ಸಲ ನಾನು ಕೈ ಹಾಕುವ ಮೊದಲೇ ಅವಳು ಟಿ.ವಿ.ಯನ್ನೇ ಆರಿಸಿಬಿಡುತ್ತಿದ್ದಳು. ಗಾಯ ಇನ್ನೂ ಮಾಗಿಲ್ಲ ಎಂದು ನಾನು ತಿಳಿದೆ.

ಪೋಸ್ಟರು ನೋಡಿದ ಮಾರನೆಯ ದಿನ ಅವಳಲ್ಲಿಗೆ ಹೋದೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ನೀ ಎಂತ ಹೇಳ್ತೆ ಬಾವ ಶಿಬಿರದಲ್ಲಿ? ಬಸ್ಸು ಹತ್ತಿ ಮೈಸೂರಿಗೆ ಹೋಗೋ ತಂತ್ರವಾ?"

"ನಿನ್ನ ದಿಲ್ಲಿ ವಿಷಯ ಹೇಳ್ಲಾ?" ಎಂದೆ, ಬಹಳ ಮೆತ್ತಗೆ. "ಸಿಗದಿದ್ರೂ ಅರ್ಜಿ ಹಾಕೋ ಧೈರ್ಯ ಮಾಡಿದ್ಯಲ್ಲ."

ಅವಳು ಮೊರ ಕೆಳಗಿಟ್ಟಳು. "ನಾನಾ? ದಿಲ್ಲಿಗೆ ಹಾಕ್ದವ ನೀನಲ್ವಾ?"

"ಕಂಬಳಿ ಬೇಕು ಅಂದವಳು ನೀನು!"

"ನಿಂಗೆ ಬೇಕಾದೀತು ಅಂದದ್ದು ಮಾರಾಯ! ದಿಲ್ಲಿ ದಿಲ್ಲಿ ಅಂತ ನೀ ಪಾಡಿಯ ನಾಯಿಗಳಿಗೂ ಹೇಳಿಟ್ಟಿದ್ದೆ. ಕಚ್ಚು ನಿಂದು ಅಂತ ನಾ ಸುಮ್ಮನಾದೆ. ಪಾವಂ, ನಿಂಗೆ ಸಿಗ್ಲಿಲ್ಲ ಪಾಪ ಅಂತ ನಾ ಅತ್ತೂ ಅತ್ತೆ. ಟಿ.ವಿ. ಆರ್ಸಿದ್ದು ಯಾರಿಗೋಸ್ಕರ ಅಂದ್ಕೊಂಡೆ? ನನ್ನ ಕಣ್ಣೀರು ವಾಪಸ್ ಕೊಡು."

ಇಬ್ಬರೂ ನಕ್ಕೆವು. ಪಕ್ಕದ ಮನೆಯವರು ಇಣುಕುವಷ್ಟು ನಕ್ಕೆವು. ಆಮೇಲೆ ಅವಳು ಮೊರ ಎತ್ತಿಕೊಂಡು, ಅಕ್ಕಿಯ ಕಡೆಗೇ ನೋಡುತ್ತ, "ನಾ ಹೋಗ್ತಿದ್ದೆ ಬಾವ. ಒಬ್ಬಳೇ ಆದ್ರೂ ಹೋಗ್ತಿದ್ದೆ," ಎಂದಳು. ಅದಕ್ಕೆ ಆಧಾರ ಕೇಳಬೇಕೆಂದು ನನಗೆ ಅನ್ನಿಸಲಿಲ್ಲ.

ಶಿಬಿರಕ್ಕೆ ಅವಳೂ ಬಂದಳು. ಟೈ ಕಟ್ಟಿದ ತಜ್ಞರೊಬ್ಬರು ಪರದೆಯ ಮೇಲೆ ಮೊದಲ ತಂತ್ರ ತೋರಿಸಿದರು: 'ನಿಮ್ಮ ಅನನ್ಯ ಕಥೆ ಹೇಳಿ.' ಅಂದರೆ ಕಾಡು, ಆನೆ, ಜೇನು. ನಮ್ಮ ವಾರ್ಡನ್ ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದರು. ನನ್ನ ಸರದಿ ಬಂದಾಗ ಮಾದಿ ಮೈಕನ್ನು ತಾನೇ ತೆಗೆದುಕೊಂಡಳು. "ದಿಲ್ಲಿ ಯಾರಿಗೆ ಬೇಕು? ಕೈ ಎತ್ತಿ."

ಮುಂದಿನ ಸಾಲಿನ ಒಬ್ಬ ಹುಡುಗಿ ಎತ್ತಿದಳು. ಹಿಂದೆ ಅರ್ಧಕ್ಕೆ ಏರಿದ್ದ ಕೈಗಳು ಅವಳನ್ನು ನೋಡಿ ಮೆಲ್ಲಗೆ ಇಳಿದವು. ತಜ್ಞರು ಇದನ್ನು ಆತ್ಮವಿಶ್ವಾಸದ ಕೊರತೆ ಎಂದು ಬರೆದುಕೊಂಡಿರಬೇಕು.

"ಯಾಕೆ ಇಳಿಸ್ದ್ರಿ? ಅವಳು ಮೊದ್ಲು ಕಂಡ್ಲು ಅಂತಲಾ? ಇದು ಜೇನುಮರ ಅಲ್ಲ ಮಕ್ಕಳೇ, ನೂಕುನುಗ್ಗಲು. ಎತ್ತಿ ಎಲ್ಲಾರೂ. ಎಲ್ಲಾರೂ ಹತ್ತಿ. ಬರಿಗೈಲಿ ಬಂದ್ರೆ ಎಂತಾಯ್ತು ಅಂತ ನಾ ಮನೆ ಬಾಗಿಲಿಗೆ ಬಂದು ಕೇಳ್ತೆ."

ಕೈಗಳು ಒಂದೊಂದಾಗಿ ಎದ್ದವು. ಸಾಧಕನ ಪಾಲಿಗೆ ಊಟ ಮಾತ್ರ ಉಳಿದಿತ್ತು.

ಮಾವ ಏನೆಂದರು, ಮಾದಿ ಏನೆಂದಳು, ನಾನು ನಿಜಕ್ಕೂ ತ್ಯಾಗ ಮಾಡಿದೆನೋ ಅಥವಾ ಹೆದರಿದೆನೋ, ಇದಾವುದಕ್ಕೂ ನಾನು ಹೊಣೆಯಲ್ಲ. ಒಂದನ್ನು ಮಾತ್ರ, ದಿಲ್ಲಿಯ ಆ ವಿಭಾಗದಲ್ಲೇ ಈಗ ಪಾಠ ಹೇಳುತ್ತಿರುವ ನನ್ನ ಹಳೆಯ ಶಿಷ್ಯೆಯ ಮೂಲಕ ವಿಚಾರಿಸಿ ಖಚಿತ ಮಾಡಿಕೊಂಡೆ: ಆ ವರ್ಷ ಇತಿಹಾಸ ಎಂ.ಎ.ಯಲ್ಲಿ ನಮ್ಮಂಥವರಿಗೆಂದು ಎತ್ತಿಟ್ಟಿದ್ದ ಸೀಟು ಎರಡು, ಎರಡಕ್ಕೂ ಯಾರೂ ಬಂದಿರಲಿಲ್ಲ.