ಲಿವಾಳ ಮನೆ ಎಷ್ಟು ಆಳ

ಬೆಳಗ್ಗೆ ಒಂಬತ್ತು ಇಪ್ಪತ್ತು. ಹಲಗೆ ಮನೆಯ ಜಗಲಿಯಲ್ಲಿ ಡೆಲ್ರಾಯ್ ತಿಂಗ್ಲಾಸ್ ತೆಂಗಿನಕಾಯಿ ತುರಿಯುತ್ತ ಕುಳಿತಿದ್ದ. ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಕೈಗಳು ಮಾತ್ರ ಹಿಂದಿನಷ್ಟೇ ಗಟ್ಟಿ. ಹೆಂಡತಿ ಮಿರ್ನಾ ಆ ಕೈಗಳನ್ನು ಹಿಡಿದು ನಿಲ್ಲಿಸಿ, ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕತೊಡಗಿದಳು.

“ಆ ವಕೀಲರ ಮುಂದೆ ಇವತ್ತಾದರೂ ಸರಿಯಾಗಿ ಹೇಳ್ತೀಯಾ?”

“ಸರಿಯಾಗೇ ಹೇಳ್ತಿರೋದು. ಲಿವಾ ಹೊಡೆದಳು.”

“ಅಯ್ಯೋ, ಮತ್ತೆ ಅದೇ ರಾಗ!”

ಲಿವಾ ನಮ್ಮ ಮೊಸ್ಕಿತಿಯಾ ಕಡಲಿನ ಒಡತಿ, ನೀರೊಳಗಿನ ದೇವತೆ. ಲಾಬ್‌ಸ್ಟರ್‌ಗಳೆಲ್ಲ ಅವಳ ಸ್ವತ್ತು. ಆಸೆಬುರುಕನಾಗಿ ಹಿಡಿದವನ ಬೆನ್ನಿಗೆ ಹೊಡೆದು ಕಾಲು ಕಿತ್ತುಕೊಳ್ಳುತ್ತಾಳೆ ಎಂದು ಇಲ್ಲಿ ಅವನ್ನು ಹಿಡಿಯಲು ಮುಳುಗುವ ಗಂಡಸರೆಲ್ಲ ನಂಬುತ್ತಾರೆ. ನಾನು ಆಸ್ಪತ್ರೆಯ ಪ್ರಯೋಗಾಲಯದವನು, ಈ ಮನೆಗೆ ಬಂದುಹೋಗುವವನು. ಆಳದಿಂದ ಅವಸರದಲ್ಲಿ ಮೇಲೆದ್ದರೆ ರಕ್ತದಲ್ಲಿ ಗುಳ್ಳೆ ಎದ್ದು ಕಾಲಿನ ಶಕ್ತಿ ಹೋಗುತ್ತದೆಂದು ಡೆಲ್ರಾಯ್‌ಗೆ ಸೋಡಾ ಬಾಟಲಿ ತೆರೆದು ತೋರಿಸಿದ್ದೆ. ಅವನು ಗಮನವಿಟ್ಟು ನೋಡಿ, “ಸರಿ, ಆ ಗುಳ್ಳೆ ಕಳಿಸಿದವಳು ಯಾರು?” ಎಂದಿದ್ದ. ಸೋಡಾ ಅವನೇ ಕುಡಿದ.

ಹುಡುಗನಾಗಿದ್ದಾಗ ದೋಣಿಗೆ ಹುಟ್ಟು ಹಾಕಲು ಸೇರಿದವನು, ಮೀಸೆ ಬರುವ ಹೊತ್ತಿಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಿದ್ದ. ಮಿರ್ನಾಳನ್ನು ಮದುವೆಯಾದ ಮರುವರ್ಷವೇ ಕಾಲು ಹೋದವು.

ಕೂಲಿಗಾರರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಯಂತ್ರಕ್ಕೆ ಸಿಕ್ಕ ಬೆರಳಿದೆ, ಏಣಿಯಿಂದ ಬಿದ್ದು ಮುರಿದ ಕಾಲಿದೆ. ಮುಳುಗುವವರ ಈ ಕಾಯಿಲೆ ಇಲ್ಲ. ಅದನ್ನು ಸೇರಿಸುವ ತಿದ್ದುಪಡಿ ಈಗ ಕರಡಿನಲ್ಲಿದೆ. ಹಳಬರಿಗೂ ಪಿಂಚಣಿ, ಬೆನ್ನ ಹುಣ್ಣಿಗೆ ಔಷಧಿ ಸಿಗಬಹುದು. ಆದರೆ ಪೆಟ್ಟು ಕೆಲಸದಿಂದಲೇ ಆಯಿತೆಂದು ಪೆಟ್ಟು ತಿಂದವನೇ ಬಾಯಿಬಿಟ್ಟು ಹೇಳಬೇಕು. ಹಿಂದೆ ಬಂದ ಎರಡು ಸಮಿತಿಗಳೂ ಡೆಲ್ರಾಯ್‌ನ ಮಾತು ಕೇಳಿ, ಕಾರಣದ ಜಾಗದಲ್ಲಿ ‘ನಂಬಿಕೆ’ ಎಂದು ಬರೆದು ಹೋಗಿದ್ದವು. ದಿನವೂ ಅವನನ್ನು ಎತ್ತಿ ಮಲಗಿಸಿ ಮಿರ್ನಾಳ ನಡುವೇ ಬಾಗಿದೆ.

ಈ ಸಲ ಹೇಳಿಕೆ ಬರೆದುಕೊಳ್ಳಲು ಬಂದವಳು ನೊಹೆಮಿ ಎಂಬ ವಕೀಲೆ. ಮರಳಲ್ಲಿ ನಡೆದು ಸುಸ್ತಾಗಿದ್ದಳು.

“ಡೆಲ್ರಾಯ್ ಅವರೇ, ಪೆಟ್ಟಾಗಿದ್ದು ಹೇಗೆ?”

“ಲಿವಾ ಹೊಡೆದಳಮ್ಮ. ಅವಳ ಕೂದಲು ನೋಡಿದೀನಿ. ಬೇರೆಯವರ ಮೇಲೆ ಹಾಕಿದರೆ ಸುಳ್ಳಾಗುತ್ತೆ.”

ನೊಹೆಮಿ ಪೆನ್ನು ಕೆಳಗಿಟ್ಟಳು. “ಹೀಗೇ ಬರೆದುಕೊಂಡರೆ ನಿಮ್ಮ ಪರಿಹಾರದ ಅರ್ಜಿ ಇಲ್ಲೇ ಸಾಯುತ್ತೆ.”

ಮಿರ್ನಾ ಕೈಲಿದ್ದ ತೆಂಗಿನ ಚಿಪ್ಪನ್ನು ಅಂಗಳಕ್ಕೆ ಎಸೆದಳು. ಕೋಳಿಗಳು ಚೆದುರಿದವು.

“ಲಿವಾ ಈ ಜಗಲಿಗೆ ಬಂದು ಹೊಡೆದಳೇನು?”

“ಛೆ, ಅವಳ್ಯಾಕೆ ಬರ್ತಾಳೆ?”

“ಹಾಗಾದರೆ ನೀನೇ ಅವಳ ಮನೆಗೆ ಹೋದೆ. ಯಾಕೆ, ಹೆಣ್ಣು ಕೇಳೋಕಾ?”

ಅವನಿಗೂ ನಗು ಬಂತು. “ಹಡಗಿನ ಕ್ಯಾಪ್ಟನ್ ಕಳಿಸಿದ ಕಣೆ. ಮೇಲಿನ ಬಂಡೆಗಳಲ್ಲಿ ಏನೂ ಉಳಿದಿರಲಿಲ್ಲ. ಇನ್ನೂ ಕೆಳಗಿಳಿ, ಇಲ್ಲಾಂದ್ರೆ ಮುಂದಿನ ಸಲ ಹಡಗು ಹತ್ತಬೇಡ ಅಂದ.”

“ಇದನ್ನ ಇಷ್ಟು ವರ್ಷ ಯಾಕೋ ಹೇಳಲಿಲ್ಲ, ಪುಣ್ಯಾತ್ಮ?”

“ಹೊಡೆದವರು ಯಾರು ಅಂತ ಕೇಳಿದರು. ಕಳಿಸಿದವರು ಯಾರು ಅಂತ ಯಾರು ಕೇಳಿದರು?”

ನೊಹೆಮಿ ಪೆನ್ನು ಎತ್ತಿಕೊಂಡಳು. “ಲಿವಾನೂ ಇರಲಿ, ಅವಳ ಹೆಸರು ಹೊಡೆದು ಹಾಕಲ್ಲ. ಕಳಿಸಿದವನು ಸಿಕ್ಕಿದ. ಆಳವೂ ಗೊತ್ತಾದರೆ ಇದು ಕೆಲಸದ ಪೆಟ್ಟೇ ಆಗುತ್ತೆ. ಆಕೆ ಮನೆ ಎಷ್ಟು ಕೆಳಗಿತ್ತು?”

ಡೆಲ್ರಾಯ್ ಬೇಲಿಯ ಕಡೆ ನೋಡಿದ. ಒಳ್ಳೆಯ ಬಂಡೆಯ ಆಳವನ್ನು ಮುಳುಗುವವರು ಸ್ವಂತ ತಮ್ಮನಿಗೂ ಹೇಳುವುದಿಲ್ಲ. ಬೇಲಿಯಾಚೆ ಪಕ್ಕದ ಮನೆಯವನು ಬಲೆ ಹೊಲಿಯುತ್ತಿದ್ದ.

“ಹೇಳು ಮಾರಾಯ! ನಿನ್ನ ಬದಲು ಅಲ್ಲಿಗೆ ನಾನು ಹಾರ್ತೀನಾ?” ಮಿರ್ನಾ ರೇಗಿದಳು.

ಅವನು ತುರಿಯ ಬಟ್ಟಲನ್ನು ಪಕ್ಕಕ್ಕಿಟ್ಟ. ಬೇಲಿಯ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ ಪಕ್ಕದ ಮನೆಯವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

“ನೂರಾ ನಲವತ್ತು ಅಡಿ.”