ಬೊಳ್ಳಿಪಾದೆಯ ಫೋಟೋಕ್ಕೆ ಮಾಲೀಕರಿಲ್ಲ

ಹಿರಿಯಡ್ಕ ಪೇಟೆಯಲ್ಲಿ ತಾರಾನಾಥನ ಅಂಗಡಿ ಎಲ್ಲಿ ಎಂದು ಕೇಳಿದರೆ, "ಯಾವ ತಾರಾನಾಥ? ಜೆರಾಕ್ಸಿನವನಾ, ಕೇಸಿನವನಾ?" ಎಂಬ ಮರುಪ್ರಶ್ನೆ ಬರುತ್ತದೆ. ಇಬ್ಬರೂ ಒಬ್ಬನೇ. ಆಧಾರ್ ಕಾರ್ಡಿನ ಪ್ರತಿ ತೆಗೆಯುವುದು, ಮದುವೆಯ ಕಾಗದ ಟೈಪಿಸುವುದು, ಉತ್ತರಕ್ರಿಯೆಯ ಬ್ಯಾನರಿಗೆ ಯಾರದೋ ಕೋಟಿನ ಮೇಲೆ ಸತ್ತವರ ತಲೆ ಕೂರಿಸುವುದು, ಇದು ಅವನ ಹೊಟ್ಟೆಪಾಡು. ಮಿಕ್ಕ ಹೊತ್ತಿನಲ್ಲಿ ಊರವರ ಮನವಿ ಬರೆಯುತ್ತಾನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಪ್ರಾಯ ಅರವತ್ತೊಂದು. ನಲವತ್ತು ವರ್ಷಗಳಲ್ಲಿ ಅವನು ಸೇರಿದ ಹೋರಾಟಗಳ ಪೈಕಿ ಗೆದ್ದದ್ದು ಎರಡು, ಅದರಲ್ಲಿ ಒಂದು ಬಸ್ಸು ನಿಲ್ಲಿಸುವ ಜಾಗದ್ದು.

"ಸೋಲುವುದಕ್ಕೂ ಒಂದು ಪಿಂಚಣಿ ಇದ್ದಿದ್ದರೆ ನಾವು ಬಂಗಲೆ ಕಟ್ಟಬಹುದಿತ್ತು" ಎಂದು ಹೆಂಡತಿ ಸುಗಂಧಿ ಹೇಳುವುದುಂಟು. ಹೇಳುತ್ತಾ ಬೀಡಿ ಸುತ್ತುತ್ತಾಳೆ. ಅವನು ಮೆರವಣಿಗೆಗೆ ಹೋದ ದಿನಗಳಲ್ಲಿ ಮನೆಗೆ ಅಕ್ಕಿ ತಂದದ್ದು ಆ ಬೀಡಿಯೇ.

ಫೋಟೋದ ವಿಷಯದಲ್ಲಿ ತಾರಾನಾಥನಿಗೆ ಒಂದು ಕಟ್ಟುನಿಟ್ಟು ಇತ್ತು. ಹಿಂದೆ ಬೀಡಿ ಕೆಲಸದವರ ಮುಷ್ಕರ ಆದಾಗ ಮೆರವಣಿಗೆಯ ಆಲ್ಬಮ್ಮನ್ನು ಯಾರೋ ಠಾಣೆಗೆ ಮುಟ್ಟಿಸಿದ್ದರು. ಒಂದೊಂದೇ ಮುಖಕ್ಕೆ ಬೆರಳಿಟ್ಟು ಹತ್ತೊಂಬತ್ತು ಜನರ ಹೆಸರು ಬರೆದುಕೊಂಡರು. ಆರು ವರ್ಷ ಕೋರ್ಟಿನ ವರಾಂಡದಲ್ಲಿ ಕುಳಿತು ಅವರ ಸೊಂಟ ಬಿದ್ದುಹೋಯಿತು. ಆಮೇಲೆ ಅವನೇ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದ: "ಇನ್ನು ನಮ್ಮ ಯಾವ ಫೋಟೋದ ಅಡಿಯಲ್ಲೂ ಹೆಸರು ಬೇಡ. ತೆಗೆದವ ಯಾರು ಎಂದು ಯಾರೂ ಹೇಳಬಾರದು. ಕ್ಯಾಮರಾದಲ್ಲಿ ಎಂತದೂ ಉಳಿಯಬಾರದು." ಎಲ್ಲರೂ ಕೈ ಎತ್ತಿದರು. ಮುಂದೆ ಊರಿನ ಹೋರಾಟಕ್ಕೆಂದು ವೆಬ್‌ಸೈಟ್ ಮಾಡಿದಾಗ ಅದರ ಬುಡದಲ್ಲಿ ತಾನೇ ಕುಳಿತು ಟೈಪಿಸಿದ: 'ಇಲ್ಲಿನ ಚಿತ್ರಗಳಿಗೆ ಮಾಲೀಕರಿಲ್ಲ. ಯಾರು ಬೇಕಾದರೂ ಬಳಸಬಹುದು.' ಆ ಸಾಲಿನ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಆ ವೆಬ್‌ಸೈಟಿನ ಮೊದಲ ಪುಟದಲ್ಲಿ ಇದ್ದದ್ದು ಅಪ್ಪಿಯ ಫೋಟೋ.

ಊರಿನ ಮೂಡು ದಿಕ್ಕಿಗೆ ಬೊಳ್ಳಿಪಾದೆ ಎಂಬ ದೊಡ್ಡ ಬಂಡೆ. ಅದರ ಅರ್ಧ ಭಾಗವನ್ನು ಒಬ್ಬ ಧಣಿ ಕಲ್ಲುಕೋರೆಗೆ ಲೀಸು ಹಿಡಿದು ಕ್ರಷರ್ ಹಾಕಿದ. ಉಳಿದರ್ಧದ ಮೂಲೆಯಲ್ಲಿ ಒಂದು ಒರತೆ. ಬೇಸಗೆಯಲ್ಲೂ ಬತ್ತದ ನೀರು, ಸುತ್ತ ಕಲ್ಲಿನ ಕಟ್ಟೆ. ಎರಡು ಸಾವಿರದ ಹನ್ನೊಂದರ ಏಪ್ರಿಲಿನಲ್ಲಿ ಧಣಿಯ ಜೆಸಿಬಿ ಲೀಸಿನ ಗಡಿ ದಾಟಿ ಒರತೆಯ ಕಡೆಗೆ ಬಂತು. ಗಂಡಸರು ಘೋಷಣೆ ಕೂಗುತ್ತಾ ದೂರದಲ್ಲಿ ನಿಂತಿದ್ದರು. ಸುತ್ತಿದ ಬೀಡಿಯನ್ನು ಡಿಪೋಗೆ ಕೊಟ್ಟು ಬರುತ್ತಿದ್ದ ಅಪ್ಪಿ ಅವರ ನಡುವಿನಿಂದ ನುಸುಳಿ ಮುಂದೆ ಹೋದಳು. "ನನಗೆ ಮೊಣಗಂಟು ನೋವು, ನಿಲ್ಲಲಿಕ್ಕೆ ಆಗುವುದಿಲ್ಲ" ಎಂದವಳೇ ಬೀಡಿಯ ಚೀಲವನ್ನು ತಲೆಯಡಿಗೆ ಇಟ್ಟು ಜೆಸಿಬಿಯ ಬಾಯಿಯೆದುರು ಮಲಗಿಬಿಟ್ಟಳು.

ಫೋಟೋ ತೆಗೆದದ್ದು ಪೀಟರ್. ಆಗ ಕಾರ್ಕಳದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ, ಮದುವೆಯ ಫೋಟೋಗ್ರಾಫರ್. ಕೊಂಕಣಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಊರವರಿಗೆ ಅವನು 'ಪೊರ್ಬುಗಳು'. ಎಡಕ್ಕೆ ಒರತೆಯ ಕಟ್ಟೆ, ನಡುವೆ ಅಪ್ಪಿ, ಬಲಕ್ಕೆ ಜೆಸಿಬಿಯ ಬಕೆಟ್ಟಿನ ಹಲ್ಲುಗಳು. ಆ ದಿನ ಯಾರೋ ಕಲ್ಲೆಸೆದು ಯಂತ್ರದ ಗಾಜು ಒಡೆದು, 'ಹೆಸರು ತಿಳಿಯದವರ' ಮೇಲೆ ಕೇಸು ಬಿತ್ತು. ನಿಯಮದಂತೆ ಪೀಟರ್ ಮೂರು ಸಿಡಿ ಮಾಡಿಕೊಟ್ಟು ಎಲ್ಲರ ಕಣ್ಣೆದುರೇ ಕ್ಯಾಮರಾದ ಕಾರ್ಡು ಅಳಿಸಿದ. ಎರಡು ಸಿಡಿ ಪತ್ರಿಕೆಯವರು, ಬಂದವರು, ಹೋದವರು ಎಂದು ಕೈ ದಾಟಿ ಕಾಣೆಯಾದವು. ಪತ್ರಿಕೆಗಳು ಭಾಷಣ ಮಾಡಿದವರನ್ನು ಹಾಕಿದವು, ಅಪ್ಪಿಯನ್ನು ಹಾಕಲಿಲ್ಲ. ಮೂರನೆಯದು ತಾರಾನಾಥನ ಕಪಾಟಿನಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಸತ್ತಿತು. ಉಳಿದದ್ದು ವೆಬ್‌ಸೈಟಿಗೆಂದು ಅವನು ಚಿಕ್ಕದು ಮಾಡಿ ಹಾಕಿದ ಪ್ರತಿ ಒಂದೇ.

ಜೆಸಿಬಿ ಅಂದು ಹಿಂದೆ ಹೋಯಿತು. ಮೂರು ವರ್ಷ ಬಿಟ್ಟು ಒಂದು ಬೆಳಿಗ್ಗೆ ಮದ್ದು ಇಟ್ಟು ಒರತೆಯನ್ನೇ ಹಾರಿಸಿದರು. ಈಗ ಧಣಿ ಉಳಿದ ಬಂಡೆಗೂ ಪರವಾನಗಿ ಕೇಳಿದ್ದಾನೆ. 'ಈ ಸ್ಥಳದಲ್ಲಿ ಯಾವ ಕಾಲದಲ್ಲೂ ನೀರಿನ ಮೂಲ ಇರಲಿಲ್ಲ' ಎಂದು ಅರ್ಜಿಯಲ್ಲಿ ಬರೆದಿದ್ದಾನೆ. ಒರತೆ ಯಾವ ನಕ್ಷೆಯಲ್ಲೂ ಇರಲಿಲ್ಲ. ನೀರು ಕುಡಿದವರಿಗೆ ಅದನ್ನು ಕಾಗದದಲ್ಲಿ ಬರೆಸಬೇಕೆಂದು ತೋರಿರಲಿಲ್ಲ. ಅದು ಇತ್ತು ಎನ್ನಲಿಕ್ಕೆ ಜಗತ್ತಿನಲ್ಲಿ ಉಳಿದ ಸಾಕ್ಷಿ ಆ ಫೋಟೋ. ನೀರಿನ ಮೂಲ ಇತ್ತೆಂದು ತೋರಿಸದಿದ್ದರೆ ಬಂಡೆ ಹೋಗುತ್ತದೆ, ಅದರ ಜೊತೆ ಬುಡದ ನಲವತ್ತು ಮನೆಗಳ ಬಾವಿಗಳೂ ಬತ್ತುತ್ತವೆ. ಮಣಿಪಾಲದ ಜಿಲ್ಲಾ ಕಚೇರಿಯಲ್ಲಿ ಪರವಾನಗಿಯ ವಿಚಾರಣೆ ಜೂನ್ ಇಪ್ಪತ್ತಕ್ಕೆ.

ಮೇ ಕೊನೆಯಲ್ಲಿ ಒಂದು ಇಂಗ್ಲಿಷ್ ಮೇಲ್ ಬಂತು. ಕೇಳರಿಯದ ಹೆಸರಿನ ಒಂದು ಚಿತ್ರ ಕಂಪನಿ, ವಿಳಾಸ ವಿದೇಶದ್ದು. ನಿಮ್ಮ ವೆಬ್‌ಸೈಟಿನಲ್ಲಿರುವ ಚಿತ್ರ ನಮ್ಮದು, ಹತ್ತು ದಿನದೊಳಗೆ ಎಂಬತ್ತನಾಲ್ಕು ಸಾವಿರ ರೂಪಾಯಿ ಕಟ್ಟಿ, ಇಲ್ಲವೇ ಚಿತ್ರ ತೆಗೆದು 'ಇದು ಕಂಪನಿಯದ್ದೇ' ಎಂದು ಸಹಿ ಮಾಡಿದ ಕಾಗದ ಕಳಿಸಿ, ತಪ್ಪಿದರೆ ಕೋರ್ಟು. ಕೆಳಗೆ ಒಂದು ಕೊಂಡಿ. ಒತ್ತಿದರೆ ಅಪ್ಪಿ. ಎಡದ ಕಟ್ಟೆ ಇಲ್ಲ, ಬಲದ ಬಕೆಟ್ಟು ಇಲ್ಲ. ಬಂಡೆ, ಬಿಸಿಲು, ಮಲಗಿದ ಹೆಂಗಸು ಮಾತ್ರ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ವಿಶ್ರಾಂತಿ ಪಡೆಯುತ್ತಿರುವ ಗ್ರಾಮೀಣ ಮಹಿಳೆ, ಭಾರತ.

"ವಿಶ್ರಾಂತಿಯಂತೆ!" ಎಂದ ತಾರಾನಾಥ. ಜೆರಾಕ್ಸಿಗೆ ನಿಂತಿದ್ದವರು ಹೆದರಿ ಹಿಂದೆ ಸರಿದರು.

ಮರುದಿನ ಉಡುಪಿಗೆ, ವಕೀಲೆ ನವ್ಯಶ್ರೀಯ ಕಚೇರಿಗೆ ಹೋದ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸು ತೆಗೆದುಕೊಟ್ಟವನೇ ಅವನು. ಅವಳು ಮೇಲ್ ಓದಿ ನಕ್ಕಳು.

"ಇದಕ್ಕೆ ಹೆದರುವುದು ಎಂತಕ್ಕೆ ತಾರಾನಾಥಣ್ಣ? ಇದೊಂದು ದಂಧೆ. ಮೆಷಿನ್ನೇ ಇಡೀ ಇಂಟರ್ನೆಟ್ಟಿನಲ್ಲಿ ಫೋಟೋ ಹುಡುಕಿ ಸಾವಿರಾರು ಜನರಿಗೆ ನೋಟೀಸು ಕಳಿಸುತ್ತದೆ. ಹತ್ತು ಜನ ಹೆದರಿ ಕಟ್ಟಿದರೆ ಅವರಿಗೆ ಲಾಭ. ಹಿರಿಯಡ್ಕಕ್ಕೆ ಯಾರೂ ಬರುವುದಿಲ್ಲ."

"ಹಾಗಾದರೆ ಎಂತ ಮಾಡುವುದು ಮೇಡಂ?"

"ಮೇಡಂ ಗೀಡಂ ಬೇಡ ಮಾರಾಯ್ರೇ. ದುಡ್ಡು ಕಟ್ಟಬೇಡಿ, ಸಹಿ ಹಾಕಬೇಡಿ, ತಪ್ಪಾಯಿತು ಅಂತ ಬರೆಯಬೇಡಿ. ತೆಗೆದವರು ಯಾರು, ಯಾವಾಗ, ನಿಮಗೆ ಹಕ್ಕು ಹೇಗೆ ಬಂತು ಅಂತ ತಿರುಗಿ ಕೇಳುವ." ಅವಳು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. "ನೋಡಿ, ನಿಮ್ಮದರಲ್ಲಿ ಕಟ್ಟೆ ಉಂಟು, ಬಕೆಟ್ಟು ಉಂಟು. ಅವರದ್ದರಲ್ಲಿ ಎರಡೂ ಇಲ್ಲ. ಕತ್ತರಿಸಿದವ ಕದ್ದವ ಅಲ್ವಾ?"

ಆ ಒಂದು ಮಾತಿಗೆ ತಾರಾನಾಥ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗೋಳಿಬಜೆ ಹೆಚ್ಚಿಗೆ ತಿಂದ.

ಕಂಪನಿಯ ಉತ್ತರ ಬೇಗ ಬಂತು. ಛಾಯಾಗ್ರಾಹಕರ ವಿವರ ಗೌಪ್ಯ. ಅಷ್ಟೇ ಅಲ್ಲ, 'ಇಲ್ಲಿನ ಚಿತ್ರಗಳಿಗೆ ಮಾಲೀಕರಿಲ್ಲ ಎಂದು ನೀವೇ ಘೋಷಿಸಿದ್ದೀರಿ. ಆದ್ದರಿಂದ ನಮ್ಮ ಹಕ್ಕನ್ನು ಪ್ರಶ್ನಿಸುವ ಅಧಿಕಾರ ನಿಮಗಿಲ್ಲ.' ಅದರ ಹಿಂದೆಯೇ ವೆಬ್‌ಸೈಟಿಗೆ ಜಾಗ ಕೊಟ್ಟ ಸಂಸ್ಥೆ, ದೂರು ಬಂದಿದೆಯೆಂದು ಆ ಪುಟವನ್ನು ಮುಚ್ಚಿತು. ತೆರೆಯಬೇಕಾದರೆ ಮಾಲೀಕರೇ ಪ್ರಮಾಣ ಮಾಡಿ ಬರೆದುಕೊಡಬೇಕಂತೆ.

ನವ್ಯಶ್ರೀ ಈ ಸಲ ನಗಲಿಲ್ಲ. "ಕಂಪನಿ ಸಾಯಲಿ ಅಣ್ಣ, ಅದರಿಂದ ಭಯ ಇಲ್ಲ. ಭಯ ಇರುವುದು ಮಣಿಪಾಲದಲ್ಲಿ. ಅಲ್ಲಿ ಈ ಫೋಟೋ ಯಾರದ್ದು ಅಂತ ಕೇಳಿದರೆ ಎಂತ ಹೇಳುತ್ತೀರಿ? ತೆಗೆದವರ ಒಂದು ಅಫಿದವಿತ್ ತನ್ನಿ. ಇಂಥ ದಿನ, ಇಂಥ ಜಾಗದಲ್ಲಿ ನಾನೇ ತೆಗೆದದ್ದು ಅಂತ. ಅಷ್ಟು ಸಾಕು."

ಪೀಟರ್ ಸ್ಟುಡಿಯೋ ಮುಚ್ಚಿ ಕಾಪುವಿನಲ್ಲಿ ಮನೆ ಮಾಡಿಕೊಂಡಿದ್ದ. ತಾರಾನಾಥ ಹೋದಾಗ ಅವನು ಅಂಗಳದಲ್ಲಿ ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಮಗಳು ಟೀನಾ ಮಸ್ಕತ್ತಿನಲ್ಲಿ, ಹೆರಿಗೆಗೆ ಎರಡು ತಿಂಗಳು. ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಡುವವರಿದ್ದರು.

"ಬನ್ನಿ ತಾರಣ್ಣ, ಬನ್ನಿ. ಯಾವ ಸ್ಟ್ರೈಕಿಗೆ ಕರೆಯಲಿಕ್ಕೆ ಬಂದದ್ದು?"

"ಸ್ಟ್ರೈಕ್ ಅಲ್ಲ ಪೊರ್ಬುಗಳೇ, ಒಂದು ಸಹಿ."

ವಿಷಯ ಕೇಳುತ್ತಾ ಕೇಳುತ್ತಾ ಪೀಟರನ ಕೈ ನಿಂತಿತು. ಒಳಗಿನಿಂದ ಚಹಾ ತಂದ ಹೆಂಡತಿ ಪ್ಯಾಟ್ರಿಶಿಯಾ ಲೋಟ ಕೊಡದೆ ಹಾಗೆಯೇ ನಿಂತಳು.

"ನಮ್ಮ ಪಾಸ್‌ಪೋರ್ಟು ಪೊಲೀಸ್ ವೆರಿಫಿಕೇಶನ್ನಿಗೆ ಹೋಗಿ ಉಂಟು ತಾರಣ್ಣ" ಎಂದ ಪೀಟರ್. "ಗಾಜು ಒಡೆದ ಕೇಸು ಇನ್ನೂ ಮುಗಿದಿಲ್ಲ. ಅಲ್ಲಿ ಇದ್ದೆ ಅಂತ ನಾನೇ ಬರೆದುಕೊಟ್ಟರೆ ಹೆಸರು ತಿಳಿಯದವನಿಗೆ ಹೆಸರು ಸಿಕ್ಕಿದ ಹಾಗೆ ಅಲ್ವಾ?"

"ನೀವು ಕಲ್ಲು ಎಸೆದದ್ದಲ್ಲವಲ್ಲ."

"ಹತ್ತೊಂಬತ್ತು ಜನರಲ್ಲಿ ಎಷ್ಟು ಜನ ಎಸೆದದ್ದು?"

ಆ ಲೆಕ್ಕವನ್ನು ಪೀಟರನಿಗೆ ಕಲಿಸಿದ್ದು ತಾರಾನಾಥನೇ.

"ಯಾರಿಗೂ ಹೇಳಬಾರದು ಅಂತ ನೀವು ಕೈ ಎತ್ತಿಸಿದಿರಿ. ಹದಿಮೂರು ವರ್ಷ ಹೇಳಲಿಲ್ಲ. ಪಾದ್ರಿಯವರ ಹತ್ತಿರ ಕೂಡ ಹೇಳಲಿಲ್ಲ. ಈಗ ನೀವೇ ಬಂದು ಹೇಳು ಅಂತೀರಿ."

"ಬಾಯಮ್ಮ, ನೀವಾದರೂ..." ಎಂದು ತಾರಾನಾಥ ಪ್ಯಾಟ್ರಿಶಿಯಾಳ ಕಡೆ ತಿರುಗಿದ.

"ಚಹಾ ತಣಿಯುತ್ತದೆ, ಕುಡಿಯಿರಿ" ಎಂದಳು ಅವಳು. "ಮಗು ಹುಟ್ಟಿ ನಾವು ವಾಪಸು ಬರುವವರೆಗೆ ನಿಮ್ಮ ಬಂಡೆ ಕಾಯುವುದಿಲ್ಲವಾ?"

ಬಂಡೆ ಕಾಯುತ್ತದೆ, ಧಣಿ ಕಾಯುವುದಿಲ್ಲ ಎಂದು ಅವನು ಹೇಳಬಹುದಿತ್ತು. ಚಹಾ ಕುಡಿದು ಎದ್ದ. ಗೇಟಿನವರೆಗೆ ಬಂದ ಪೀಟರ್ ಅವನ ಕೈ ಹಿಡಿದ. "ಆ ಫೋಟೋದ ಹಾಗೆ ಇನ್ನೊಂದು ನಾನು ತೆಗೆಯಲಿಲ್ಲ ತಾರಣ್ಣ. ಮೂವತ್ತು ವರ್ಷ ಮದುಮಕ್ಕಳನ್ನೇ ತೆಗೆದದ್ದು." ಸಹಿ ಮಾತ್ರ ಹಾಕಲಿಲ್ಲ.

ಊರಿಗೆ ಬಂದವನು ನೇರವಾಗಿ ಅಪ್ಪಿಯ ಮನೆಗೆ ಹೋದ. ಎಪ್ಪತ್ತನಾಲ್ಕರ ಅಪ್ಪಿ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಅವನು ಮೊಬೈಲಿನಲ್ಲಿ ಕಂಪನಿಯ ಚಿತ್ರ ತೋರಿಸಿದ. ಅದನ್ನು ಒಂದು ನೋವಿನ ಎಣ್ಣೆಯವರು ಕೊಂಡು ತಮ್ಮ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ್ದೂ ಹುಡುಕುವಾಗ ಸಿಕ್ಕಿತ್ತು. ಅದನ್ನೂ ತೋರಿಸಿದ.

"ಮುಖ ನನ್ನದು. ಅವರದ್ದು ಹೇಗಾಗುತ್ತದೆ?" ಎಂದಳು ಅಪ್ಪಿ.

"ಕಾನೂನಿನಲ್ಲಿ ಮುಖದವರಿಗೆ ಫೋಟೋ ಸೇರುವುದಿಲ್ಲ ಅಪ್ಪಿಯಕ್ಕ. ತೆಗೆದವರಿಗೆ ಸೇರುವುದು."

"ತೆಗೆದದ್ದು ಅವರಲ್ಲ, ಪೊರ್ಬುಗಳು ಅಲ್ವಾ?"

"ಅವರು ತೆಗೆದದ್ದು ಅಂತ ಹೇಳಲಿಕ್ಕೆ ಆಗುವುದಿಲ್ಲ."

"ನೀನು ಮಾಡಿದ ರೂಲ್ಸಾ?"

"ಹೌದು."

ಅಪ್ಪಿ ಕಾಲು ತಿಕ್ಕಿಕೊಂಡಳು. "ಹೋಗಲಿ ಬಿಡು. ನನ್ನ ಮೊಣಗಂಟು ಇಟ್ಟುಕೊಂಡು ಎಣ್ಣೆ ಮಾರುತ್ತಾರಲ್ಲ, ಒಂದು ಬಾಟ್ಲಿ ನನಗೂ ಕೊಡಬಾರದಾ ಮಾರಾಯ?"

ಜೂನ್ ಇಪ್ಪತ್ತರಂದು ಜಡಿಮಳೆ. ಮಣಿಪಾಲದ ಕಚೇರಿಯ ಕೋಣೆಗೆ ತಾರಾನಾಥ, ನವ್ಯಶ್ರೀ ಮತ್ತು ಊರಿನ ಏಳು ಮಂದಿ ಒದ್ದೆಯಾಗಿ ಹೋದರು. ಅಪ್ಪಿಗೆ ಬಸ್ಸು ಹತ್ತಲಿಕ್ಕೆ ಆಗಲಿಲ್ಲ. ಅವಳ ಹೆಬ್ಬೆಟ್ಟಿನ ಹೇಳಿಕೆ ಫೈಲಿನಲ್ಲಿತ್ತು. ನವ್ಯಶ್ರೀ ಪುಟ ಮುಚ್ಚುವ ಮೊದಲೇ ತೆಗೆದಿಟ್ಟ ಫೋಟೋದ ಪ್ರಿಂಟು ಕೊಟ್ಟು, ಒರತೆಯ ಕಟ್ಟೆಯ ಮೇಲೆ ಬೆರಳಿಟ್ಟು ಚೆನ್ನಾಗಿಯೇ ವಾದಿಸಿದಳು.

ಧಣಿಯ ವಕೀಲ ಎದ್ದು ಎರಡು ಕಾಗದ ಮೇಜಿನ ಮೇಲಿಟ್ಟ. ಒಂದು ಕಂಪನಿಯ ಪುಟ, ಇನ್ನೊಂದು ಎಣ್ಣೆಯ ಪೆಟ್ಟಿಗೆಯ ಚಿತ್ರ.

"ಸಾರ್, ಇದು ಮಾರಾಟಕ್ಕಿರುವ ಚಿತ್ರ. ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತದೆ. ಇದರಲ್ಲಿ ಕಟ್ಟೆಯೂ ಇಲ್ಲ, ಜೆಸಿಬಿಯೂ ಇಲ್ಲ. ಇವರ ಪ್ರತಿಯಲ್ಲಿ ಮಾತ್ರ ಎರಡೂ ಉಂಟು." ಅವನು ತಾರಾನಾಥನ ಕಡೆ ತಿರುಗಿದ. "ನಿಮ್ಮ ಉದ್ಯೋಗ ಎಂತ?"

"ಜೆರಾಕ್ಸ್, ಡಿಟಿಪಿ."

"ಒಬ್ಬರ ತಲೆಯನ್ನು ಇನ್ನೊಬ್ಬರ ಕೋಟಿಗೆ ಕೂರಿಸುತ್ತೀರಿ ಅಲ್ವಾ?"

"ಸತ್ತವರದ್ದು."

ಕೋಣೆಯಲ್ಲಿ ಯಾರೋ ನಕ್ಕರು. ನವ್ಯಶ್ರೀ ಎದ್ದು ಏರುದನಿಯಲ್ಲಿ ಆಕ್ಷೇಪಿಸಿದಳು. ಅಧಿಕಾರಿ ಕೈ ಎತ್ತಿ ಇಬ್ಬರನ್ನೂ ಕೂರಿಸಿ, "ಮೂಲ ಪ್ರತಿ ಉಂಟಾ?" ಎಂದು ಕೇಳಿದರು.

"ಇಲ್ಲ ಸಾರ್."

"ತೆಗೆದವರು ಯಾರು?"

ತಾರಾನಾಥನ ಗಂಟಲಿಗೆ ಪೀಟರನ ಹೆಸರು ಬಂತು. ಒಂದು ಹೆಸರು ಹೇಳಿದರೆ ನಲವತ್ತು ಬಾವಿ ಉಳಿದರೂ ಉಳಿಯಬಹುದು. ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ ಕೈ ಕಣ್ಣೆದುರು ಬಂತು, ಅದರ ಹಿಂದೆ ವರಾಂಡದ ಹತ್ತೊಂಬತ್ತು ಜನ.

"ಗೊತ್ತಿಲ್ಲ ಸಾರ್" ಎಂದ.

ನವ್ಯಶ್ರೀ ತಲೆ ತಗ್ಗಿಸಿದಳು. ಊರಿನ ಏಳು ಮಂದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಗೊತ್ತಿದ್ದವರು ಅದರಲ್ಲಿ ಐದು ಮಂದಿಯಾದರೂ ಇದ್ದರು. ನಿಯಮ ಅಷ್ಟು ಗಟ್ಟಿಯಾಗಿತ್ತು.

ಜುಲೈಯಲ್ಲಿ ಧಣಿಗೆ ಪರವಾನಗಿ ಸಿಕ್ಕಿತು. ಆದೇಶದ ಪ್ರತಿ ತೆಗೆದುಕೊಂಡು ಬರುವ ದಾರಿಯಲ್ಲಿ ತಾರಾನಾಥ ಉಡುಪಿಯ ಒಂದು ಮೆಡಿಕಲಿನಲ್ಲಿ ಆ ನೋವಿನ ಎಣ್ಣೆ ಕೇಳಿ ಕೊಂಡ. ಬರಿಗೈಯಲ್ಲಿ ಅಪ್ಪಿಯ ಜಗಲಿ ಹತ್ತುವ ಧೈರ್ಯ ಅವನಿಗೆ ಇರಲಿಲ್ಲ.

ಅಪ್ಪಿ ಆದೇಶದ ಬಗ್ಗೆ ಕೇಳಲಿಲ್ಲ. ಬಂಡೆಯ ಕಡೆಯಿಂದ ಮದ್ದಿಗೆ ಕುಳಿ ಕೊರೆಯುವ ಸದ್ದು ಬೆಳಗ್ಗಿನಿಂದಲೇ ಕೇಳುತ್ತಿತ್ತು. ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು.

"ಚೀಲ ಉಂಟು. ಇದು ನಾನೇ, ಸರಿ." ಉಗುರಿನಿಂದ ಪೆಟ್ಟಿಗೆಯ ಎಡ ಅಂಚನ್ನು ಕೆರೆದಳು. "ನೀರು ಎಲ್ಲಿ?"

"ಅದನ್ನು ಕತ್ತರಿಸಿದ್ದಾರೆ ಅಪ್ಪಿಯಕ್ಕ."

"ಇಲ್ಲಿ ಕೂಡ ಇಲ್ವಾ?"

ಅವಳು ಬಾಟ್ಲಿಯ ಮುಚ್ಚಳ ತೆರೆದು ಅಂಗೈಗೆ ಎಣ್ಣೆ ಸುರಿದುಕೊಂಡಳು. ಮೊಣಗಂಟಿಗೆ ಹಚ್ಚಿ, ತಿಕ್ಕಿ, ಇನ್ನೊಂದಿಷ್ಟು ಸುರಿದು ಮತ್ತೆ ತಿಕ್ಕಿದಳು.

"ನೀರಿನ ಹಾಗೆ ಉಂಟು ಮಾರಾಯ, ಎಂತ ಪ್ರಯೋಜನವೂ ಇಲ್ಲ" ಎಂದಳು.