ಬಾಗಿಲ ಹಿಂದಿನ ಮೊಳೆಗಳು

ನನಗೊಂದು ಸಣ್ಣ ಅಳುಕಿದೆ. ದಿನಚರಿಗೆ ಬಿಟ್ಟರೆ ಯಾರಿಗೂ ಹೇಳಿದ್ದಲ್ಲ. ಅಂಗಡಿಯ ಗಲ್ಲೆಯ ಮುಂದೆ ನಿಂತಾಗ "ಚೀಲ ಬೇಕಾ?" ಎಂದು ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ. ಬೇಕು ಎನ್ನಬೇಕು, ಯಾವುದು ಎಂದು ಹೇಳಬೇಕು, ಚಿಲ್ಲರೆಗಾಗಿ ತಡಕಾಡುವುದನ್ನು ಹಿಂದೆ ನಿಂತವರೆಲ್ಲ ನೋಡಬೇಕು. ಅದರ ಬದಲು ಬೇಡವೆಂದು ತಲೆಯಾಡಿಸುವುದೇ ಸುಲಭ. ಹಾಗೆ ತಲೆಯಾಡಿಸಿ, ಮೊಟ್ಟೆಯ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೋಟಿನ ಜೇಬಿಗೆ ಈರುಳ್ಳಿ ತುರುಕಿಕೊಂಡು ಎಷ್ಟೋ ಸಲ ಗುಡ್ಡ ಹತ್ತಿದ್ದೇನೆ. ಇಂಥವಳನ್ನು ಪತ್ರಿಕೆಯವರು, ಚೀಲಕ್ಕೆ ಕಾಸು ಕೇಳಿ ಊರಿಂದೆಲ್ಲ ಬೈಸಿಕೊಳ್ಳುವ ಒಬ್ಬ ಹೆಂಗಸನ್ನು ಮಾತಾಡಿಸಿಕೊಂಡು ಬಾ ಎಂದು ಕಳಿಸಿದ್ದಾರೆ.

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ನಮ್ಮೂರು ಕೆಟಲ್ ಆರ್ಮ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಏಡಿ ಹಿಡಿಯುವ ಕಾಲ. ದೋಣಿಗಳು ಹೊರಡುವ ಮುನ್ನ ಹುಡುಗರಿಗೆ ಬ್ರೆಡ್ಡು, ಬೊಲೋನಿ ಎಂಬ ಮಾಂಸದ ಹೋಳು, ಸಿಗರೇಟು ಬೇಕು. ಹಾಗಾಗಿ ಹ್ಯೂಬರ್ಟ್ ಸ್ನೂಕ್ ಅವರ ಅಂಗಡಿಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಹೊರಗಿನ ಮಂಜು ಎಷ್ಟು ದಟ್ಟವೆಂದರೆ ಧಕ್ಕೆಯಲ್ಲಿ ಕಟ್ಟಿದ ದೋಣಿಗಳ ಎಂಜಿನ್ ಸದ್ದು ಮಾತ್ರ ಕೇಳಿಸುತ್ತದೆ, ದೋಣಿ ಕಾಣುವುದಿಲ್ಲ. ಗಲ್ಲೆಯ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಡಾರ್ಕಸ್ ವೋಕಿ ಕುಳಿತಿದ್ದಾರೆ. ಅವರ ಕೈಯಲ್ಲೊಂದು ಮರದ ಬಲೆಸೂಜಿ. ಗಿರಾಕಿ ಬಂದರೆ ಸೂಜಿ ಮಡಿಲಿಗೆ, ಹೋದರೆ ಮತ್ತೆ ಕೈಗೆ. ನಡುನಡುವೆ ಟಿನ್ ಹಾಲು ಹಾಕಿದ ಚಹಾ. ಮಡಿಲಿನಲ್ಲಿ ಹಸಿರು ದಾರದ ಚೀಲವೊಂದು ಗಂಟು ಗಂಟಾಗಿ ಬೆಳೆಯುತ್ತಿದೆ.

ಊರಿಗೆಲ್ಲ ಅವರು ಡಾರ್ಕಸ್ ಅತ್ತೆ. ಅವರಿಗೆ ಊರಿನವರೆಲ್ಲ ಬಾತುಮರಿಗಳು. ಗಡ್ಡ ಬಿಟ್ಟ ಆರಡಿ ಆಳೂ ಬಾತುಮರಿಯೇ.

"ಏನ್ ಬೇಕು ನನ್ನ ಬಾತುಮರೀ? ಚೀಲ ತಂದಿದ್ದೀಯಾ?"

ಬಾತುಮರಿಯ ಹೆಸರು ಆಂಬ್ರೋಸ್ ಕೀಪಿಂಗ್. ಧಕ್ಕೆಯಲ್ಲೇ ಅತ್ಯಂತ ದೊಡ್ಡ ದನಿ ಅವನದು.

"ಚೀಲ ಟ್ರಕ್ಕಲ್ಲೇ ಉಳೀತು ಅತ್ತೆ."

"ದಿನಾ ಟ್ರಕ್ಕಲ್ಲೇ ಉಳಿಯುತ್ತೆ. ಅದಕ್ಕೇನು ಅಲ್ಲಿ ಬಾಡಿಗೆ ಮನೆ ಮಾಡ್ಕೊಟ್ಟಿದ್ದೀಯಾ? ಕಾಗದದ್ದು ಇಪ್ಪತ್ತೈದು ಸೆಂಟು."

"ಕಾಗದಕ್ಕೂ ಕಾಸು! ಹಾಗಿದ್ರೆ ಮಂಜಿಗೂ ಇಸ್ಕೊಂಬಿಡಿ, ಹೊರಗೆ ಬೇಕಾದಷ್ಟಿದೆ."

"ಇಸ್ಕೋತಿದ್ದೆ ಕಣೋ. ತುಂಬಿಸ್ಕೊಂಡು ಹೋಗೋಕೆ ನಿನ್ ಹತ್ರ ಚೀಲ ಇಲ್ವಲ್ಲ!"

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಆಂಬ್ರೋಸ್ ಗೊಣಗುತ್ತಾ ಬ್ರೆಡ್ಡನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಾನೆ.

ಎಲ್ಲರೂ ಹೀಗೆ ನಗುವುದಿಲ್ಲ. ನ್ಯೂಫೌಂಡ್‌ಲ್ಯಾಂಡಿನಲ್ಲಿ ಸರ್ಕಾರದ ಕಾನೂನಿನಿಂದ ಪ್ಲಾಸ್ಟಿಕ್ ಚೀಲ ನಿಂತು, ಕಾಗದದ್ದಕ್ಕೆ ಕಾಸು ಶುರುವಾದಾಗ ಜನರ ಸಿಟ್ಟಿಗೆ ಸಿಕ್ಕಿದ್ದು ಗಲ್ಲೆಯಲ್ಲಿ ಕುಳಿತವರೇ. ಕಾನೂನು ಮಾಡಿದವರು ಗಲ್ಲೆಯಲ್ಲಿ ಕೂರುವುದಿಲ್ಲವಲ್ಲ. ಒಬ್ಬಾಕೆ ತುಂಬಿದ ಬುಟ್ಟಿಯನ್ನು ಅಲ್ಲೇ ಸುರಿದು ಹೋದರು. ಇನ್ನೊಬ್ಬರು ಅತ್ತೆಯ ಮುಖಕ್ಕೇ ಕಳ್ಳಿ ಎಂದರು. "ಬೇಜಾರಾಗ್ಲಿಲ್ವಾ?" ಎಂದು ನಾನು ಕೇಳುತ್ತೇನೆ. ಅದು ಎಷ್ಟು ಮೆಲ್ಲಗೆ ಬಂತೆಂದರೆ ಅವರು ಕೈ ಕಿವಿಗಿಟ್ಟುಕೊಂಡು ಮತ್ತೊಮ್ಮೆ ಹೇಳಿಸುತ್ತಾರೆ.

"ಆಯ್ತು ಬಂಗಾರ, ಆಗ್ದೆ ಇರುತ್ತಾ? ಮನೆಗೆ ಹೋಗಿ ಗಂಡನ ಮೇಲೆ ಕೂಗಾಡಿದೆ. ಪಾಪ, ಅವನದೇನೂ ತಪ್ಪಿರ್ಲಿಲ್ಲ. ಆದ್ರೆ ಈ ಕಾನೂನು ತಪ್ಪು ಅಂತ ನನ್ ಬಾಯಲ್ಲಿ ಬರಲ್ಲ."

ಏಕೆ ಬರುವುದಿಲ್ಲ ಎಂಬುದಕ್ಕೆ ಅವರ ಬಳಿ ಕಥೆಯಿದೆ. ಗಂಡ ಈಲಾಯ್ ಒಂದು ಸಂಜೆ ಊರಾಚೆ ಸಮುದ್ರಕ್ಕೆ ಚಾಚಿದ ಬಂಡೆಯ ಹತ್ತಿರ ದೋಣಿಯಲ್ಲಿದ್ದಾಗ ಎಂಜಿನ್ ಕಾದು ನಿಂತುಬಿಟ್ಟಿತು. ಗಾಳಿ ದೋಣಿಯನ್ನು ಬಂಡೆಯ ಕಡೆಗೆ ತಳ್ಳುತ್ತಿತ್ತು. ಇನ್ನೊಂದು ದೋಣಿ ಹಗ್ಗ ಎಸೆದು ಎಳೆದು ತಂದಿದ್ದರಿಂದ ಬದುಕಿದರು. ದಡದಲ್ಲಿ ಬಿಚ್ಚಿ ನೋಡಿದರೆ, ಎಂಜಿನ್ ತಣಿಸಲು ಸಮುದ್ರದ ನೀರು ಹೀರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಕಚ್ಚಿಕೊಂಡಿತ್ತು.

"ಅದರ ಮೇಲೆ ನಮ್ಮ ಅಂಗಡಿ ಹೆಸರೇ ಇತ್ತು," ಅತ್ತೆ ಸೂಜಿ ನಿಲ್ಲಿಸುತ್ತಾರೆ. "ಯಾರಿಗೋ ನಾನೇ ತುಂಬಿಕೊಟ್ಟಿದ್ದೋ ಏನೋ. ಕಾಸಿಲ್ದೆ ಕೊಟ್ರೆ ಒಂದು ಪೊಟ್ಟಣ ಟೀಗೂ ಎರಡೆರಡು ಹಾಕಿಸ್ಕೋತಿದ್ರು. ಗಾಳಿ ಬಂತೋ, ಊರೆಲ್ಲ ಹಾರಾಟ. ಕಸದ ಗುಂಡಿ ಹತ್ರದ ಸ್ಪ್ರೂಸ್ ಮರಗಳು ನೆನಪಿದ್ಯಾ ನಿಂಗೆ?"

ಇದೆ. ಶಾಲೆಯ ಬಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತಿದ್ದವು. ಕೊಂಬೆಕೊಂಬೆಗೂ ಬಿಳಿ ಚಿಂದಿ ಸಿಕ್ಕಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಈಗ ಅವು ಬರಿಯ ಮರಗಳಾಗಿವೆ. ಹಳೆಯ ಒಂದೆರಡು ಚಿಂದಿ ತುದಿಯಲ್ಲಿ ಇನ್ನೂ ಉಳಿದಿರಬಹುದು, ಅಷ್ಟೇ.

ಹಾಗೆಂದು ಎಲ್ಲ ಸರಿಹೋಯಿತೆಂದು ಅತ್ತೆ ಹೇಳುವುದಿಲ್ಲ. ಕಾಗದದ ಚೀಲ ಈ ಊರಿನ ಮಂಜಿಗೆ ಗುಡ್ಡದ ಅರ್ಧಕ್ಕೇ ತಳ ಕಳಚುತ್ತದೆ. ಗಟ್ಟಿ ಚೀಲ ಕೊಂಡವರು ಮರೆತು ಬಂದು ಇನ್ನೊಂದು ಕೊಳ್ಳುತ್ತಾರೆ. ಊರಿನ ಪ್ರತಿ ಮನೆಯಲ್ಲೂ ಸಿಂಕಿನ ಕೆಳಗೆ ಅವುಗಳದೊಂದು ಗುಡ್ಡೆ. ಇದನ್ನೆಲ್ಲ ನೋಡಿ ನೋಡಿ ಅತ್ತೆ ಒಂದು ಭಾನುವಾರ ತಮ್ಮ ಅಪ್ಪನ ಬಲೆಕೋಣೆಯ ಬೀಗ ತೆಗೆದರು. ಕಾಡ್ ಮೀನು ಹಿಡಿಯುವುದನ್ನು ಸರ್ಕಾರ ನಿಲ್ಲಿಸಿದ ವರ್ಷ ಹಾಗೇ ಬಿಟ್ಟ ದಾರದ ಉಂಡೆಗಳು ಅಲ್ಲಿದ್ದವು. ಮೂಲೆಯಲ್ಲಿ ಅಪ್ಪನ ಸೂಜಿ, ಬಲೆಯ ಕಣ್ಣಿನ ಅಳತೆಗೆ ಇಟ್ಟುಕೊಳ್ಳುವ ಮರದ ತುಂಡು. ಹುಡುಗಿಯಾಗಿದ್ದಾಗ ಕಲಿತದ್ದನ್ನು ಕೈ ಮರೆತಿರಲಿಲ್ಲ.

ಕೈ ಮರೆಯದೇ ಇದ್ದದ್ದೇ ಎಡವಟ್ಟಾಯಿತು. ಅಪ್ಪನ ಮರದ ತುಂಡು ದೊಡ್ಡ ಕಾಡ್ ಮೀನಿನ ಅಳತೆಯದು. ಅದನ್ನೇ ಹಿಡಿದು ಹೆಣೆದ ಮೊದಲ ಚೀಲವನ್ನು ಅತ್ತೆ ಹೆಮ್ಮೆಯಿಂದ ಹ್ಯೂಬರ್ಟ್ ಅವರ ಹೆಂಡತಿಗೆ ಕೊಟ್ಟರು. ಆಕೆ ಆಲೂಗಡ್ಡೆ ತುಂಬಿಕೊಂಡು ಗುಡ್ಡ ಹತ್ತುತ್ತಿದ್ದರೆ, ಚೀಲದ ಕಣ್ಣುಗಳಿಂದ ಒಂದೊಂದೇ ನುಸುಳಿ ರಸ್ತೆಗುಂಟ ಉರುಳುತ್ತಾ ಧಕ್ಕೆಯ ತನಕ ಬಂದವು.

"ಆಂಬ್ರೋಸ್ ಅಲ್ಲೇ ನಿಂತಿದ್ದ, ಬಿಡ್ತಾನಾ?" ಅತ್ತೆ ಕಣ್ಣೊರೆಸಿಕೊಂಡು ನಗುತ್ತಾರೆ. "'ಮರಿಮೀನು ತಪ್ಪಿಸ್ಕೊಳ್ಳಿ ಅಂತ ಕಾನೂನಿರೋದು ಗೊತ್ತಿತ್ತು ಅತ್ತೆ, ಆಲೂಗಡ್ಡೆಗೂ ಉಂಟಾ?' ಅಂದ. ಆ ವರ್ಷವೆಲ್ಲ ನನ್ನ ಕಂಡ್ರೆ ಆಲೂಗಡ್ಡೆ ಬಲೆ ಅಂತಿದ್ರು."

ಆಮೇಲೆ ಈಲಾಯ್ ಸಣ್ಣ ಅಳತೆಯ ಹೊಸ ತುಂಡು ಕೆತ್ತಿಕೊಟ್ಟರು. ಈಗಿನ ಚೀಲದಲ್ಲಿ ಈರುಳ್ಳಿಯೂ ನಿಲ್ಲುತ್ತದೆ. "ಅದೂ ನೈಲಾನೇ ಅಲ್ವಾ, ಪ್ಲಾಸ್ಟಿಕ್ಕೇ ಅಲ್ವಾ?" ಎಂದು ಕೆಣಕುವವರಿದ್ದಾರೆ. "ಹೌದಪ್ಪ," ಎನ್ನುತ್ತಾರೆ ಅತ್ತೆ. "ಆದ್ರೆ ಬಲೆಕೋಣೇಲಿ ಸುಮ್ನೆ ಬಿದ್ದಿದ್ದು. ಗಾಳಿಗೆ ಹಾರಲ್ಲ. ನಾನು ಹೋದ್ಮೇಲೂ ಇರುತ್ತೆ."

ಚೀಲಗಳನ್ನು ಅವರು ಮಾರುವುದಿಲ್ಲ. ಅಂಗಡಿಯ ಬಾಗಿಲ ಹಿಂದಿನ ಗೋಡೆಗೆ ಒಂದು ಸಾಲು ಮೊಳೆ ಹೊಡೆದು ನೇತುಹಾಕುತ್ತಾರೆ. ಬೇಕಾದವರು ಒಯ್ಯಬಹುದು, ಆದಾಗ ತಂದು ಸಿಕ್ಕಿಸಬಹುದು. ಬಾಗಿಲು ತೆರೆದರೆ ಮೊಳೆಗಳು ಮರೆಯಾಗುತ್ತವೆ. ಗಲ್ಲೆಯ ಪಕ್ಕದಲ್ಲೇ ಕಣ್ಣಿಗೆ ಕಾಣುವಂತೆ ಹಾಕಬಹುದಿತ್ತಲ್ಲ ಎಂದಾಗ ಅತ್ತೆ ದನಿ ತಗ್ಗಿಸುತ್ತಾರೆ.

"ಮೇಲಿನ ದಾರೀಲಿ ಒಬ್ರು ಇದ್ರು, ಹೆಸರು ಹೇಳಲ್ಲ. ಹೆಂಡ್ತಿ ಹೋದ್ಮೇಲೆ ಕೈ ಬಿಗಿಯಾಗಿತ್ತು. ಚೀಲ ಬೇಕಾ ಅಂತ ನಾನು ಕೇಳಿದ್ರೆ, 'ಬೇಡಮ್ಮ, ಗಾಡಿ ಇದೆ' ಅನ್ನೋರು. ಗಾಡಿ ಎಲ್ಲಿತ್ತು? ಟೋಪಿ ತೆಗೆದು, ಟಿನ್ನುಗಳನ್ನ ಅದ್ರಲ್ಲಿಟ್ಕೊಂಡು ಮಳೇಲಿ ನಡೆದುಹೋಗೋರು. ಇಪ್ಪತ್ತೈದು ಸೆಂಟಿಗಿಂತ, ಕಾಸಿಲ್ಲ ಅಂತ ಬಾಯ್ಬಿಟ್ಟು ಹೇಳೋದು ದೊಡ್ಡದು ಬಂಗಾರ. ಕಾನೂನು ಒಳ್ಳೇದೇ. ಆದ್ರೆ ದಿನಕ್ಕೆ ನೂರು ಸಲ ಆ ಪ್ರಶ್ನೆ ಕೇಳೋಳು ನಾನು. ಅದಕ್ಕೇ ಯಾರೂ ನೋಡದ ಜಾಗ ಹುಡುಕಿದೆ."

ನನ್ನ ಕೋಟಿನ ಜೇಬಿನಲ್ಲಿ ಈರುಳ್ಳಿ ಸಿಪ್ಪೆ ಇನ್ನೂ ಇದೆ. ಕಳೆದ ಚಳಿಗಾಲದಿಂದ ಈಚೆಗೆ ಅಲ್ಲಿ ಹೊಸ ಸಿಪ್ಪೆ ಸೇರಿಲ್ಲ. ಬಾಗಿಲ ಹಿಂದೆ ಕೈ ಚಾಚುವುದನ್ನು ನಾನೂ ಕಲಿತಿದ್ದೇನೆ.

ಆ ಮೊಳೆಗಳಿಗೆ ಇವತ್ತು ಗಂಡಾಂತರವಿದೆ. ಮಧ್ಯಾಹ್ನದ ಲಾರಿಯಲ್ಲಿ ಹ್ಯೂಬರ್ಟ್ ಸ್ನೂಕ್ ಅವರ ಹೊಸ ಐಸ್‌ಕ್ರೀಮ್ ಫ್ರೀಜರ್ ಬರುತ್ತಿದೆ. ಅದಕ್ಕೆ ಅವರು ಆರಿಸಿರುವುದು ಬಾಗಿಲ ಹಿಂದಿನ ಗೋಡೆಯನ್ನೇ. ಕೆಟ್ಟ ಮನುಷ್ಯರೇನಲ್ಲ, ಚೀಲ ಹೆಣೆಯಲು ಗಲ್ಲೆಯಲ್ಲೇ ಅತ್ತೆಗೆ ಬಿಡುವು ಕೊಟ್ಟವರು ಅವರೇ. ಲಾರಿ ಬರುವ ಹೊತ್ತಿಗೆ ಸರಿಯಾಗಿ ಸುತ್ತಿಗೆ ಹಿಡಿದು ಬರುತ್ತಾರೆ.

"ನೋಡು ಡಾರ್ಕಸ್, ಮೊಳೆಯೆಲ್ಲ ಖಾಲಿ. ಹೋದ ಚೀಲ ಹೋಯ್ತು. ಯಾರಿಗೆ ಬೇಕಾಗಿದೆ ಇದು?"

"ಖಾಲಿ ಅಂದ್ರೆ ಕೆಲಸದಲ್ಲಿದೆ ಅಂತ ಹ್ಯೂಬರ್ಟ್. ಶನಿವಾರ ಬಂದು ನೋಡು, ಅರ್ಧ ತುಂಬಿರುತ್ತೆ."

"ಯಾರು ತಗೊಂಡು ಹೋಗಿದ್ದನ್ನೂ ನಾನು ನೋಡಿಲ್ಲ."

"ನೋಡ್ಬಾರ್ದು ಅಂತಾನೇ ಅಲ್ಲಿ ಹೊಡೆದಿರೋದು."

ಹ್ಯೂಬರ್ಟ್ ನಿಟ್ಟುಸಿರು ಬಿಟ್ಟು ಸಾಲಿನ ಕಡೆ ತಿರುಗುತ್ತಾರೆ. ಬೆಳಗಿನ ದೋಣಿಗಳು ಮರಳಿವೆ. ಅಂಗಡಿ ತುಂಬ ರಬ್ಬರ್ ಬೂಟುಗಳು, ಉಪ್ಪಿನ ವಾಸನೆ.

"ಸರಿ. ನೀವೇ ಹೇಳಿ. ಈ ಮೊಳೆಗೋಸ್ಕರ ನನ್ನ ಅಂಗಡಿಗೆ ಬರೋರು ಒಬ್ರು, ಒಬ್ರೇ ಒಬ್ರು ಇದ್ರೆ ಸಾಕು. ಫ್ರೀಜರ್ ಹೊರಗೆ ಐಸ್ ಡಬ್ಬದ ಪಕ್ಕ ಹೋಗುತ್ತೆ. ಯಾರಾದ್ರೂ ಇದ್ದೀರಾ?"

ಯಾರೂ ಮಾತಾಡುವುದಿಲ್ಲ. ನಮ್ಮ ಊರು ಹೀಗೇ. ನೆರೆಯವನ ಮನೆ ಬಾಗಿಲಿಗೆ ಮೀನು ಇಟ್ಟು ಸದ್ದಿಲ್ಲದೆ ಬರುತ್ತೇವೆ, ನಮ್ಮ ಬಾಗಿಲಲ್ಲಿ ಮೀನು ಸಿಕ್ಕಿದ್ದನ್ನು ಸತ್ತರೂ ಹೇಳುವುದಿಲ್ಲ. ಆಂಬ್ರೋಸ್‌ನ ಜಾಕೆಟ್ಟಿನ ಕೆಳಗಿಂದ ಹಸಿರು ದಾರ ಇಣುಕುತ್ತಿದೆ. ಅವನ ದೊಡ್ಡ ದನಿ ಎಲ್ಲಿಗೆ ಹೋಯಿತೋ, ಚಾವಣಿ ನೋಡುತ್ತಿದ್ದಾನೆ. ಅತ್ತೆ ಯಾರ ಮುಖವನ್ನೂ ನೋಡುವುದಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ. ಸೂಜಿಯನ್ನು ಮಡಿಲಿನಲ್ಲಿಟ್ಟು, ಅರ್ಧ ಹೆಣೆದ ಚೀಲವನ್ನು ನಿಧಾನವಾಗಿ ಮಡಚತೊಡಗುತ್ತಾರೆ.

"ಬೇರೇನೂ ಬೇಡ ಬಾತುಮರೀ," ಎಂದು ಬೆಳಗ್ಗೆ ಅವರು ನನಗೆ ಹೇಳಿದ್ದರು. "ಆ ಗೋಡೆ ಒಂದು ಹಾಗೇ ಇರ್ಲಿ."

ಹ್ಯೂಬರ್ಟ್ ಸುತ್ತಿಗೆ ಎತ್ತಿ ಅದರ ಸೀಳುಬಾಯನ್ನು ಮೊದಲ ಮೊಳೆಗೆ ಸಿಕ್ಕಿಸುತ್ತಾರೆ. ನಾನು ಪೆನ್ನು ಮುಚ್ಚಿ ಜೇಬಿಗಿಡುತ್ತೇನೆ. ಗಲ್ಲೆಯ ಮುಂದೆ ಎಂದೂ ಹೊರಡದ ಮಾತು ಹೊರಬೀಳುತ್ತದೆ, ಅಂಗಡಿಯ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ.

"ನಾನಿದ್ದೀನಿ, ಸ್ನೂಕ್ ಮಾಮ. ನಾನು ಇಲ್ಲಿಗೆ ಬರೋದೇ ಆ ಮೊಳೆಗೋಸ್ಕರ. ಅಲ್ಲಿ ನಾನು ಯಾರನ್ನೂ ಏನೂ ಕೇಳ್ಬೇಕಾಗಿಲ್ಲ."